ಬಾಲ ಹಿಡಿದು ಪದ ಕಲಿಯಿರಿ

ಎಸ್‌ಎಸ್‌ಸಿ, ಬ್ಯಾಂಕ್ ಪರೀಕ್ಷೆಗಳಿಗೆ ಓದುವವರು ‘ಒನ್ ವರ್ಡ್ ಸಬ್‌ಸ್ಟಿಟ್ಯೂಷನ್’ ಪಟ್ಟಿಯನ್ನು ಉರು ಹೊಡೆಯುವುದು ಮಾಮೂಲಿ. ತಂದೆಯನ್ನು ಕೊಂದರೆ ಪ್ಯಾಟ್ರಿಸೈಡ್, ತಾಯಿಯನ್ನು ಕೊಂದರೆ ಮ್ಯಾಟ್ರಿಸೈಡ್, ದೊರೆಯನ್ನು ಕೊಂದರೆ ರೆಜಿಸೈಡ್. ಹತ್ತು ಪದ ಮುಗಿಯುವಷ್ಟರಲ್ಲಿ ಯಾರು ಯಾರನ್ನು ಕೊಂದರೆಂಬುದೇ ಕಲಸುಮೇಲೋಗರ. ಪಟ್ಟಿಯನ್ನು ಬದಿಗಿಡಿ. ಈ ಪದಗಳಿಗೆಲ್ಲ ಇರುವ ನಾಲ್ಕಕ್ಷರದ ಬಾಲವನ್ನು ಹಿಡಿದುಕೊಳ್ಳಿ: ಸಿ, ಐ, ಡಿ, ಇ. ‘ಸಿಐಡಿ’ಗೆ ಒಂದು ‘ಇ’ ಸೇರಿಸಿದರಾಯಿತು, ಸ್ಪೆಲ್ಲಿಂಗ್ ತಪ್ಪುವುದಿಲ್ಲ. ಕೊಲೆಗೂ ಸಿಐಡಿಗೂ ನಂಟು ಇದ್ದದ್ದೇ!

ಈ ಬಾಲ ಬಂದದ್ದು ಲ್ಯಾಟಿನ್‌ನಿಂದ. ಅಲ್ಲಿನ ಮೂಲ ಧಾತುವಿಗೆ ಕಡಿ, ಕೊಲ್ಲು ಎಂಬ ಅರ್ಥ.

ಮೊದಲ ಕೆಲಸ, ಬಾಲ ಕತ್ತರಿಸಿ ಉಳಿದ ತಲೆಯನ್ನು ನೋಟ್‌ಬುಕ್ಕಿನಲ್ಲಿ ಬೇರೆ ಬರೆಯುವುದು. ಎದುರಿಗೆ ಕನ್ನಡದ ಮಾತು ಬರೆಯಿರಿ. ಇಲ್ಲಿ ನಮಗೊಂದು ಅನುಕೂಲವಿದೆ. ಲ್ಯಾಟಿನ್ ಮತ್ತು ಸಂಸ್ಕೃತ ಒಂದೇ ಭಾಷಾಕುಟುಂಬದವು. ಸಂಸ್ಕೃತದ ಎಷ್ಟೋ ಪದಗಳು ಕನ್ನಡದಲ್ಲಿ ಬೆರೆತಿವೆ. ‘ಪ್ಯಾಟ್ರಿ’ ಎದುರು ಪಿತೃ, ‘ಮ್ಯಾಟ್ರಿ’ ಎದುರು ಮಾತೃ, ‘ಫ್ರ್ಯಾಟ್ರಿ’ ಎದುರು ಭ್ರಾತೃ. ‘ರೆಜಿ’ ಕೂಡ ನಮ್ಮ ರಾಜನ ನೆಂಟನೇ. ಸೂಯಿಸೈಡ್‌ನ ‘ಸೂಯಿ’ಗೆ ತನ್ನ ಎಂದರ್ಥ, ನಮ್ಮ ‘ಸ್ವ’ ಅದರ ಬಳಗದ್ದು. ಇಷ್ಟು ಹೊಂದಿಸಿಕೊಂಡರೆ ಇನ್‌ಫ್ಯಾಂಟಿಸೈಡ್ ಶಿಶುಹತ್ಯೆ, ಫೀಟಿಸೈಡ್ ಭ್ರೂಣಹತ್ಯೆ ಎಂದು ಬಿಡಿಸಲು ಕಷ್ಟವಿಲ್ಲ.

ಹೋಮಿಸೈಡ್ ಬಳಿ ಸ್ವಲ್ಪ ನಿಲ್ಲಬೇಕು. ಅದು ನರಹತ್ಯೆ, ಎಲ್ಲ ನರಹತ್ಯೆಯೂ ಕೊಲೆಯಲ್ಲ. ಭಾರತೀಯ ನ್ಯಾಯ ಸಂಹಿತೆ ‘ಕಲ್ಪಬಲ್ ಹೋಮಿಸೈಡ್’ಗೆ 100ನೇ ಸೆಕ್ಷನ್‌ನಲ್ಲೂ ‘ಮರ್ಡರ್’ಗೆ 101ನೇ ಸೆಕ್ಷನ್‌ನಲ್ಲೂ ಬೇರೆಬೇರೆ ವ್ಯಾಖ್ಯೆ ಕೊಟ್ಟಿದೆ. ಎರಡಕ್ಕೂ ‘ಕೊಲೆ’ ಎಂದೇ ಬರೆದುಕೊಂಡವರು ಬಹು ಆಯ್ಕೆ ಪ್ರಶ್ನೆಯಲ್ಲಿ ಎಡವುತ್ತಾರೆ. ಜನಾಂಗಹತ್ಯೆ ಎಂಬರ್ಥದ ಜೆನೊಸೈಡ್‌ಗೆ ಮಾತ್ರ ಹುಟ್ಟಿದ ವರ್ಷವೂ ಗೊತ್ತಿದೆ. ಪೋಲೆಂಡಿನ ಯಹೂದಿ ನ್ಯಾಯಶಾಸ್ತ್ರಜ್ಞ ರಾಫೆಲ್ ಲೆಮ್ಕಿನ್ 1944ರ ತಮ್ಮ ಪುಸ್ತಕದಲ್ಲಿ ಗ್ರೀಕ್ ತಲೆಗೆ ಲ್ಯಾಟಿನ್ ಬಾಲ ಅಂಟಿಸಿ ಅದನ್ನು ಕಟ್ಟಿದರು. 1948ರಲ್ಲಿ ವಿಶ್ವಸಂಸ್ಥೆಯ ಒಪ್ಪಂದದಲ್ಲೇ ಆ ಪದ ಸೇರಿತು.

ಎರಡನೆಯದಾಗಿ, ಪದ ಕೊಲ್ಲುವ ಕ್ರಿಯೆಯನ್ನು ಹೇಳುತ್ತದೆಯೋ ಕೊಲ್ಲುವ ವಸ್ತುವನ್ನೋ ಎಂದು ಕೇಳಿಕೊಳ್ಳಿ. ಕನ್ನಡದಲ್ಲಿ ಇವೆರಡಕ್ಕೆ ‘ಹತ್ಯೆ’, ‘ನಾಶಕ’ ಎಂಬ ಬೇರೆ ಬಾಲಗಳಿವೆ, ಇಂಗ್ಲಿಷಿನಲ್ಲಿ ಒಂದೇ. ಗೊಬ್ಬರ, ಔಷಧಿ ಮಾರುವ ಅಂಗಡಿಗೆ ಹೋದರೆ ಎರಡನೆಯ ಗುಂಪು ಸಾಲಾಗಿ ಕಾಣುತ್ತದೆ. ಕೀಟಕ್ಕೆ ಇನ್‌ಸೆಕ್ಟಿಸೈಡ್, ಕಳೆಗೆ ಹರ್ಬಿಸೈಡ್, ಶಿಲೀಂಧ್ರಕ್ಕೆ ಫಂಗಿಸೈಡ್. ಇಲಿ ಪಾಷಾಣದ ಪೊಟ್ಟಣದ ಮೇಲೆ ರೊಡೆಂಟಿಸೈಡ್. ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಫಂಗಿಸೈಡ್‌ಗೆ ಒಳ್ಳೆಯ ಉದಾಹರಣೆ: ಶೇ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಪೆಸ್ಟಿಸೈಡ್ ಇವೆಲ್ಲವನ್ನೂ ಒಳಗೊಳ್ಳುವ ದೊಡ್ಡ ಪದ, ಇನ್‌ಸೆಕ್ಟಿಸೈಡ್ ಅದರೊಳಗಿನ ಒಂದು ಬಗೆ. ಆದರೆ ನಮ್ಮ ದೇಶದ 1968ರ ಕೀಟನಾಶಕ ಕಾಯ್ದೆ ‘ಇನ್‌ಸೆಕ್ಟಿಸೈಡ್’ ಎಂಬ ಹೆಸರಿನಡಿ ಶಿಲೀಂಧ್ರನಾಶಕ, ಕಳೆನಾಶಕಗಳನ್ನೂ ತಂದಿದೆ. ಕಾನೂನಿನ ಭಾಷೆಯೇ ಹಾಗೆ, ನಿಘಂಟಿನ ಮಾತು ಕೇಳುವುದಿಲ್ಲ.

ಕೊಲ್ಲುವ ವ್ಯಕ್ತಿಗೂ ಇದೇ ಬಾಲ ಬರುವುದುಂಟು. 1649ರಲ್ಲಿ ಇಂಗ್ಲೆಂಡಿನ ಒಂದನೇ ಚಾರ್ಲ್ಸ್‌ನ ಮರಣದಂಡನೆಯ ಆಜ್ಞೆಗೆ ಸಹಿ ಹಾಕಿದ 59 ಮಂದಿಯನ್ನು ಇತಿಹಾಸದ ಪುಸ್ತಕಗಳು ‘ರೆಜಿಸೈಡ್ಸ್’ ಎಂದೇ ಕರೆಯುತ್ತವೆ.

ಮೂರನೆಯ ಹಂತವೇ ಮುಖ್ಯ. ಬಾಲ ಒಂದೇ ಇದ್ದ ಮಾತ್ರಕ್ಕೆ ಅರ್ಥವೂ ಒಂದೇ ಎನ್ನುವಂತಿಲ್ಲ. ಕೋಇನ್ಸೈಡ್‌ನಲ್ಲೂ ಅದೇ ನಾಲ್ಕಕ್ಷರ ಇವೆ; ಆದರೆ ಅದು ‘ಬೀಳು’ ಎಂಬ ಬೇರೆ ಧಾತುವಿನಿಂದ ಬಂದದ್ದು. ಆಕ್ಸಿಡೆಂಟ್, ಇನ್ಸಿಡೆಂಟ್ ಅದರ ಒಡಹುಟ್ಟುಗಳು. ಸೇಬಿನ ಸೈಡರ್‌ಗೂ ಕೊಲ್ಲುವುದಕ್ಕೂ ಏನೇನೂ ಸಂಬಂಧವಿಲ್ಲ. ಡಿಸೈಡ್ ಮಾತ್ರ ನಡುವಿನದು. ಧಾತು ಅದೇ, ಯಾರನ್ನೂ ಕೊಲ್ಲುವುದಿಲ್ಲ. ಕಡಿದುಹಾಕು ಎಂಬುದೇ ಬೆಳೆದು ತೀರ್ಮಾನಿಸು ಎಂದಾಗಿದೆ. ಗುರುತಿಸಲು ಕಿವಿಯನ್ನು ಬಳಸಿ. ಹೋಮಿಸೈಡ್, ಜೆನೊಸೈಡ್, ಪೆಸ್ಟಿಸೈಡ್‌ಗಳಲ್ಲಿ ಮುಖ್ಯ ಒತ್ತು ಮೊದಲಲ್ಲೇ ಬೀಳುತ್ತದೆ, ಇನ್‌ಸೆಕ್ಟಿಸೈಡ್‌ನಲ್ಲಿ ‘ಸೆಕ್’ ಮೇಲೆ. ಡಿಸೈಡ್, ಕೋಇನ್ಸೈಡ್‌ಗಳಲ್ಲಿ ಒತ್ತು ಬಾಲದ ಮೇಲೆಯೇ. ಮೇಲಾಗಿ ಇವೆರಡೂ ಕ್ರಿಯಾಪದಗಳು, ಕೊಲ್ಲುವ ಬಳಗದವು ನಾಮಪದಗಳು.

ಕೊನೆಗೆ ನಿಘಂಟು. ಒನ್‌ಲುಕ್ ಎಂಬ ಜಾಲತಾಣದಲ್ಲಿ ನಕ್ಷತ್ರ ಚಿಹ್ನೆ ಹಾಕಿ, ಜಾಗ ಬಿಡದೆ ಈ ನಾಲ್ಕಕ್ಷರ ಟೈಪ್ ಮಾಡಿದರೆ ಹಾಗೆ ಮುಗಿಯುವ ಪದಗಳ ಪಟ್ಟಿ ಸಿಗುತ್ತದೆ. ಅನುಮಾನ ಬಂದದ್ದಕ್ಕೆ ಮೆರಿಯಂ–ವೆಬ್‌ಸ್ಟರ್‌ನಲ್ಲಿ ಪದದ ಮೂಲ ನೋಡಿ. ಅಲ್ಲಿ ಉಚ್ಚಾರವನ್ನೂ ಕೇಳಬಹುದು. ಒಂದೇ ಸ್ಪೆಲ್ಲಿಂಗ್‌ನ ಪದ ಎರಡು ಮನೆಯದಾಗಿರುವುದೂ ಉಂಟು. ಕತ್ತರಿಸಿ ತೆಗೆ ಎಂಬ ಅರ್ಥದ ‘ಎಕ್ಸೈಸ್’ ಇದೇ ಕಡಿಯುವ ಧಾತುವಿನದು, ನಮ್ಮ ಅಬಕಾರಿ ಇಲಾಖೆಯ ‘ಎಕ್ಸೈಸ್’ ಡಚ್ ಭಾಷೆಯ ಕಡೆಯಿಂದ ಬಂದ ತೆರಿಗೆಯ ಮಾತು. ಜೇಬು ಕತ್ತರಿಸುವುದು ಬೇರೆ ವಿಷಯ.

ದಿನಕ್ಕೊಂದು ಬಾಲ ಸಾಕು. ಮುಂದಿನದಕ್ಕೆ ಪಿ, ಓ, ಆರ್, ಟಿ ತೆಗೆದುಕೊಳ್ಳಿ. ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್, ರೈಲ್ವೆ ಸ್ಟೇಷನ್ನಿನ ಪೋರ್ಟರ್ ಎಲ್ಲವೂ ‘ಹೊರು’ ಎಂಬ ಒಂದೇ ಧಾತುವಿನವು. ಪೋರ್ಟ್ರೇಟ್ ಅಲ್ಲ. ಯಾಕೆಂದು ನಿಘಂಟು ತೆರೆದು ನೀವೇ ನೋಡಿ.