ಹಳೆ ಲೆಕ್ಕ ಹೊಸ ಪೆಟ್ಟಿಗೆಗೆ: ಡೇಟಾಬೇಸ್ ಬದಲಾಯಿಸುವಾಗ ಪರೀಕ್ಷೆ ಹೇಗೆ?



ಹೊಸ ನೀರು ಬಂದಾಗ ಹಳೆ ನೀರು ಕೊಚ್ಚಿಕೊಂಡು ಹೋಗುತ್ತದೆ ಅಂತ ದೊಡ್ಡವರು ಹೇಳುತ್ತಾರೆ. ಆದರೆ ಕಂಪ್ಯೂಟರಿನಲ್ಲಿ ಒಂದು ಕೆಲಸ ಇದೆ. ಅಲ್ಲಿ ಹೊಸ ನೀರು ಬರಬೇಕು, ಹಳೆ ನೀರಿನ ಒಂದು ಹನಿಯೂ ಹೋಗಬಾರದು. ಅದೇ ಡೇಟಾಬೇಸಿನ ಆವೃತ್ತಿ ಬದಲಾಯಿಸುವ ಕೆಲಸ. ಅದನ್ನು ಹೇಗೆ ಪರೀಕ್ಷೆ ಮಾಡುತ್ತಾರೆ ಅಂತ ನಾನು ತಿಳಿದುಕೊಂಡಷ್ಟನ್ನು ಇಲ್ಲಿ ಬರೆದಿದ್ದೇನೆ.

ಡೇಟಾಬೇಸ್ ಎಂದರೇನು?

ನಮ್ಮ ಹಾಜರಿ ಪುಸ್ತಕದಲ್ಲಿ ಹೆಸರು, ನಂಬರು, ತಾರೀಖು ಸಾಲಾಗಿ ಇರುತ್ತವೆ. ಹಾಗೆಯೇ ಲಕ್ಷಗಟ್ಟಲೆ ಸಾಲುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿಟ್ಟು, ಕೇಳಿದ ಕೂಡಲೇ ತೆಗೆದುಕೊಡುವುದು ಡೇಟಾಬೇಸ್. 2000ದ ಸುಮಾರಿಗೆ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಹೀಗೆ ಕಂಪ್ಯೂಟರಿಗೆ ಹಾಕಿತು. ಅಂದ್ರೆ ನಮ್ಮ ಹೊಲಗಳ ಲೆಕ್ಕವೂ ಡೇಟಾಬೇಸಿನಲ್ಲೇ ಇದೆ. ಆದ್ದರಿಂದ ಈ ವಿಷಯ ಪಟ್ಟಣದವರಿಗೆ ಮಾತ್ರ ಸೇರಿದ್ದಲ್ಲ.

ಡೇಟಾಬೇಸ್ ನಡೆಸುವ ತಂತ್ರಾಂಶಗಳು ಬಹಳ ಇವೆ. ನಾನು ಒಂದನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಅದರ ಹೆಸರು ಪೋಸ್ಟ್‌ಗ್ರೆಸ್. ಇದರ ಕೆಲಸ 1986ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಯಾರು ಬೇಕಾದರೂ ಬಳಸಬಹುದು.

ಯಾಕೆ ಬದಲಾಯಿಸಬೇಕು?

ಪೋಸ್ಟ್‌ಗ್ರೆಸಿನ ಒಂದು ದೊಡ್ಡ ಆವೃತ್ತಿ ಪ್ರತಿ ವರ್ಷ ಬರುತ್ತದೆ. 13ನೆಯದು 2020ರಲ್ಲಿ ಬಂತು, 18ನೆಯದು 2025ರಲ್ಲಿ ಬಂತು. ಒಂದು ಆವೃತ್ತಿಯ ತಪ್ಪುಗಳನ್ನು ಸುಮಾರು 5 ವರ್ಷ ಮಾತ್ರ ತಿದ್ದಿಕೊಡುತ್ತಾರೆ. ಆಮೇಲೆ ಹಳೆಯದರಲ್ಲಿ ತೂತು ಬಿದ್ದರೆ ಮುಚ್ಚುವವರು ಇಲ್ಲ. ಅದಕ್ಕೇ ಇವತ್ತಲ್ಲ ನಾಳೆ ಎಲ್ಲರೂ ಹೊಸದಕ್ಕೆ ಹೋಗಲೇಬೇಕು.

ಆದರೆ ಹಳೆ ಆವೃತ್ತಿ ಬರೆದಿಟ್ಟ ಕಡತವನ್ನು ಹೊಸ ದೊಡ್ಡ ಆವೃತ್ತಿ ನೇರವಾಗಿ ತೆರೆಯುವುದಿಲ್ಲ. ಅದಕ್ಕೆ ಮುಖ್ಯವಾಗಿ ಎರಡು ದಾರಿ ಇವೆ. ಮೊದಲನೆಯದು, ಹಳೆಯದರಲ್ಲಿ ಇರುವುದನ್ನೆಲ್ಲ ಒಂದು ಪಟ್ಟಿಯಾಗಿ ಬರೆಸಿಕೊಂಡು ಹೊಸದರಲ್ಲಿ ಮತ್ತೆ ತುಂಬುವುದು. ಇದು ನಿಧಾನ. ಎರಡನೆಯದು 'ಪಿಜಿ ಅಪ್‌ಗ್ರೇಡ್' ಎಂಬ ಉಪಕರಣ. ಇದು ಸಾಲುಗಳು ಇರುವ ಕಡತಗಳನ್ನು ಹಾಗೇ ಇಟ್ಟುಕೊಂಡು, ಅವುಗಳ ವಿವರ ಹೇಳುವ ಭಾಗವನ್ನು ಮಾತ್ರ ಹೊಸದಾಗಿ ಕಟ್ಟುತ್ತದೆ. ಇದು ಬೇಗ ಮುಗಿಯುತ್ತದೆ.

ಪರೀಕ್ಷೆ ಹೇಗೆ ಮಾಡ್ತಾರೆ?

ಎಲ್ಲರೂ ಒಂದೇ ಹಳೆ ಆವೃತ್ತಿಯಿಂದ ಬರುವುದಿಲ್ಲ. ಒಬ್ಬರು 13ರಿಂದ 18ಕ್ಕೆ ಹಾರುತ್ತಾರೆ, ಇನ್ನೊಬ್ಬರು 16ರಿಂದ 17ಕ್ಕೆ ಬರುತ್ತಾರೆ. 13ರಿಂದ 18ರವರೆಗೆ 6 ಆವೃತ್ತಿಗಳಿವೆ. ಹಳೆಯದರಿಂದ ಹೊಸದಕ್ಕೆ ಎಷ್ಟು ಜೋಡಿ ಆಗುತ್ತವೆ? 6×5=30, ಅದನ್ನು 2ರಿಂದ ಭಾಗಿಸಿದರೆ 15. ಆರು ಜನ ಒಬ್ಬರಿಗೊಬ್ಬರು ಕೈ ಕುಲುಕುವ ಲೆಕ್ಕ ಇದ್ದಂತೆಯೇ. ಒಂದು ಜೋಡಿ ಸರಿ ಹೋದರೆ ಉಳಿದ 14 ಸರಿ ಎಂದು ಹೇಳಲು ಬರುವುದಿಲ್ಲ.

ಇದನ್ನು ನೋಡಲು ಅವರು 'ಬಿಲ್ಡ್ ಫಾರ್ಮ್' ಎಂಬ ಏರ್ಪಾಡು ಮಾಡಿಕೊಂಡಿದ್ದಾರೆ. ಬೇರೆ ಬೇರೆ ಕಡೆಯ ಜನ ತಮ್ಮ ತಮ್ಮ ಕಂಪ್ಯೂಟರುಗಳನ್ನು ಇದಕ್ಕೆ ಬಿಟ್ಟುಕೊಟ್ಟಿದ್ದಾರೆ. ತಮಾಷೆ ಏನೆಂದರೆ, ಈ ಯಂತ್ರಗಳಿಗೆ ಪ್ರಾಣಿ ಪಕ್ಷಿಗಳ ಹೆಸರು ಇಟ್ಟಿದ್ದಾರೆ! ಇವುಗಳಲ್ಲಿ ಕೆಲವು ಯಂತ್ರಗಳು ಹಳೆ ಆವೃತ್ತಿಗಳಿಂದ ಹೊಸದಕ್ಕೆ ಹೋಗುವ ಪರೀಕ್ಷೆಯನ್ನೂ ಮಾಡುತ್ತವೆ.

ಪರೀಕ್ಷೆಯ ಕ್ರಮ ಬಹಳ ಸರಳ. ಹಳೆಯದರಲ್ಲಿ ಇರುವುದನ್ನೆಲ್ಲ ಪಟ್ಟಿ ಬರೆಸುತ್ತಾರೆ. ಆವೃತ್ತಿ ಬದಲಾಯಿಸುತ್ತಾರೆ. ಹೊಸದರಿಂದ ಮತ್ತೊಂದು ಪಟ್ಟಿ ಬರೆಸುತ್ತಾರೆ. ಎರಡನ್ನೂ ಸಾಲು ಸಾಲು ಹೋಲಿಸುತ್ತಾರೆ. ಹೊಸ ಆವೃತ್ತಿ ಬರೆಯುವ ರೀತಿಯೇ ಬೇರೆ ಆಗಿದ್ದರೆ ಅಂಥ ಗೊತ್ತಿರುವ ವ್ಯತ್ಯಾಸಗಳನ್ನು ಮೊದಲೇ ಗುರುತಿಸಿ ಬಿಡುತ್ತಾರೆ. ಅದು ಬಿಟ್ಟು ಒಂದು ಸಾಲು ಬೇರೆ ಬಂದರೂ ಪರೀಕ್ಷೆ ಫೇಲು.

ಎಲ್ಲಾ ಇದೆ, ಆದರೆ ಸಿಗಲ್ಲ!

ಪಟ್ಟಿ ಸರಿ ಇದ್ದರೆ ಸಾಕಲ್ವಾ ಅಂತ ನೀವು ಕೇಳಬಹುದು. ಸಾಲದು. ಇದಕ್ಕೆ ನಿಜವಾಗಿ ನಡೆದ ಒಂದು ಉದಾಹರಣೆ ಇದೆ.

ಪೋಸ್ಟ್‌ಗ್ರೆಸ್ ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸಲು ಸಾಮಾನ್ಯವಾಗಿ ತನ್ನ ಕೆಳಗಿರುವ ಲಿನಕ್ಸ್ ವ್ಯವಸ್ಥೆಯನ್ನು ಕೇಳುತ್ತದೆ. ಲಿನಕ್ಸಿನಲ್ಲಿ 'ಜಿಲಿಬ್‌ಸಿ' ಎಂಬ ಭಾಗ ಈ ಕ್ರಮ ಹೇಳುತ್ತದೆ. 2018ರ ಆಗಸ್ಟಿನಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಈ ಕ್ರಮವೇ ಬದಲಾಯಿತು. ಉದಾಹರಣೆಗೆ, ಇಂಗ್ಲಿಷಿನ ಕ್ರಮದಲ್ಲಿ ಮೊದಲು 11 ಮುಂದೆ, 1-1 ಹಿಂದೆ ಬರುತ್ತಿತ್ತು. ಆಮೇಲೆ 1-1 ಮುಂದೆ, 11 ಹಿಂದೆ ಆಯಿತು. ಡೇಟಾಬೇಸನ್ನು ಮುಟ್ಟದೆ ಲಿನಕ್ಸನ್ನು ಮಾತ್ರ ಹೊಸದು ಮಾಡಿಕೊಂಡವರಿಗೂ ಇದರಿಂದ ತೊಂದರೆ ಆಗುವಂತಾಯಿತು.

ತೊಂದರೆ ಏನು? ನೀವೇ ಮಾಡಿ ನೋಡಿ. ಏಳು ಚೀಟಿಗಳಲ್ಲಿ ಈ ಪದ ಬರೆದು ನಿಘಂಟಿನ ಕ್ರಮದಲ್ಲಿ ಜೋಡಿಸಿ: ಅರಸ, ಕಮಲ, ಕ್ಷಮೆ, ಗಿಡ, ನದಿ, ಮಳೆ, ಹೂವು. ನಿಘಂಟಿನಲ್ಲಿ ಕ್ಷ ಅಂದರೆ ಕ್ ಮತ್ತು ಷ ಸೇರಿದ್ದು, ಅದಕ್ಕೇ ಕ ಅಕ್ಷರದಲ್ಲಿ ಬರುತ್ತದೆ. ಆದರೆ ಕೆಲವು ವರ್ಣಮಾಲೆ ಪಟಗಳಲ್ಲಿ ಕ್ಷ, ಜ್ಞ ಕೊನೆಗೆ, ಳ ಆದ ಮೇಲೆ ಇರುತ್ತವೆ. ಈಗ ಗೆಳೆಯನೊಬ್ಬನಿಗೆ ಆ ಪಟದ ಕ್ರಮ ಹೇಳಿಕೊಟ್ಟು ಚೀಟಿಗಳನ್ನು ಬೋರಲು ಹಾಕಿ. ಕ್ಷಮೆ ಎಲ್ಲಿದೆ ಹುಡುಕು ಅನ್ನಿ. ಪ್ರತಿ ಸಲ ಮಧ್ಯದ ಚೀಟಿಯನ್ನು ಮಾತ್ರ ಎತ್ತಿ ನೋಡಬೇಕು. ಮೊದಲು ಗಿಡ ಸಿಗುತ್ತದೆ. ಕ್ಷ ಅದಕ್ಕಿಂತ ಮುಂದೆ ಅಂತ ಬಲಕ್ಕೆ ಹೋಗುತ್ತಾನೆ. ಆಮೇಲೆ ಮಳೆ. ಮತ್ತೆ ಬಲಕ್ಕೆ. ಆಮೇಲೆ ಹೂವು. ಮತ್ತೆ ಬಲಕ್ಕೆ ಹೋದರೆ ಚೀಟಿಯೇ ಇಲ್ಲ. "ಕ್ಷಮೆ ಇಲ್ಲ ಕಣೋ" ಅನ್ನುತ್ತಾನೆ. ಆದರೆ ಆ ಚೀಟಿ ಮೂರನೇ ಜಾಗದಲ್ಲಿ ಹಾಗೇ ಇದೆ!

ಡೇಟಾಬೇಸಿನ ಇಂಡೆಕ್ಸ್ ಕೂಡ ಹೀಗೇ ಕ್ರಮ ನಂಬಿಕೊಂಡು ಹುಡುಕುತ್ತದೆ. ಜೋಡಿಸಿದವರ ಕ್ರಮ ಬೇರೆ, ಹುಡುಕುವವರ ಕ್ರಮ ಬೇರೆ ಆದರೆ, ಇರುವವರನ್ನೇ "ಇಲ್ಲ" ಅನ್ನುತ್ತದೆ. ಇಲ್ಲ ಅಂದ ಮೇಲೆ ಅದೇ ಹೆಸರನ್ನು ಎರಡನೇ ಸಲ ಸೇರಿಸಲು ಬಿಟ್ಟುಬಿಡಬಹುದು. ಸಾಲುಗಳನ್ನು ಎಣಿಸಿದರೆ ಮಾತ್ರ ಎಲ್ಲಾ ಸರಿ ಇರುತ್ತದೆ. ಇದಕ್ಕೆ ಪರಿಹಾರ 'ರೀಇಂಡೆಕ್ಸ್', ಅಂದ್ರೆ ಹೊಸ ಕ್ರಮದಲ್ಲಿ ಇಂಡೆಕ್ಸನ್ನು ಮತ್ತೆ ಕಟ್ಟುವುದು. ಆದರೆ ಎರಡು ಸಲ ಸೇರಿಹೋದ ಹೆಸರುಗಳನ್ನು ಮೊದಲು ಹುಡುಕಿ ಸರಿಪಡಿಸಬೇಕು.

ನೆನಪಿಡಬೇಕಾದ ಅಂಶಗಳು

1. ಮೂಲದ ಮೇಲೆ ಪರೀಕ್ಷೆ ಮಾಡಬಾರದು. ನಕಲು ಮಾಡಿಕೊಂಡು ಅದರ ಮೇಲೆ ಮಾಡಬೇಕು.
2. ನಾವು ಯಾವ ಆವೃತ್ತಿಯಿಂದ ಯಾವುದಕ್ಕೆ ಹೋಗುತ್ತೇವೋ ಅದೇ ಜೋಡಿಯನ್ನು ಪರೀಕ್ಷಿಸಬೇಕು. ಕೆಳಗಿನ ಲಿನಕ್ಸ್ ಆವೃತ್ತಿಯನ್ನೂ ಸೇರಿಸಿ.
3. ಸಾಲುಗಳನ್ನು ಎಣಿಸಿದರೆ ಸಾಲದು. ಹಳೆಯದಕ್ಕೂ ಹೊಸದಕ್ಕೂ ಅದೇ ಪ್ರಶ್ನೆಗಳನ್ನು ಕೇಳಿ ಉತ್ತರ ಹೋಲಿಸಬೇಕು.
4. ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಅಂತಲೂ ನೋಡಬೇಕು.
5. ವಾಪಸು ಬರುವ ದಾರಿ ಇಟ್ಟುಕೊಂಡಿರಬೇಕು. ಪಿಜಿ ಅಪ್‌ಗ್ರೇಡಿನಲ್ಲಿ ಕಡತ ನಕಲು ಮಾಡದೆ 'ಲಿಂಕ್' ಮಾಡುವ ವಿಧಾನ ಇದೆ. ಅದು ಬಹಳ ಬೇಗ. ಆದರೆ ಹೊಸದನ್ನು ಒಮ್ಮೆ ಚಾಲೂ ಮಾಡಿದರೆ ಹಳೆಯದನ್ನು ನಂಬಿ ಬಳಸುವಂತಿಲ್ಲ.

ಹೊಸ ತಂತ್ರಾಂಶ ತೆರೆದುಕೊಂಡಿತು, ಪರದೆ ಚೆನ್ನಾಗಿ ಕಾಣುತ್ತಿದೆ ಅಂದರೆ ಪರೀಕ್ಷೆ ಮುಗಿಯಿತು ಅಂತಲ್ಲ. ಒಬ್ಬ ರೈತ ತನ್ನ ಹೆಸರು ಹೇಳಿದಾಗ, ನಿನ್ನೆ ಸಿಕ್ಕಿದ ಉತ್ತರವೇ ಇವತ್ತೂ ಸಿಗಬೇಕು. ಆಗ ಪಾಸು.

ನಿಮಗೊಂದು ಪ್ರಶ್ನೆ: 10 ಆವೃತ್ತಿಗಳಿದ್ದರೆ ಎಷ್ಟು ಜೋಡಿಗಳನ್ನು ಪರೀಕ್ಷಿಸಬೇಕು? ಉತ್ತರವನ್ನು ಚೀಟಿಯಲ್ಲಿ ಬರೆದು ಈ ಲೇಖನದ ಕೆಳಗೆ ಅಂಟಿಸಿ.

– ಏಳನೇ ತರಗತಿ