ಬಾನೆಟ್ ಕೆಳಗಿನ ಬೆಂಕಿ: ಮಾಡಿಫೈಡ್ ಕಾರಿನ ಮೊದಲ ಪಾಠ

2010ರಲ್ಲಿ ಫೆರಾರಿ ಕಂಪನಿ ತನ್ನ 458 ಇಟಾಲಿಯಾ ಕಾರುಗಳನ್ನು ರಿಪೇರಿಗಾಗಿ ವಾಪಸ್ ಕರೆಸಿಕೊಂಡಿತು. ಕೆಲವು ಕಾರುಗಳು ಹೊತ್ತಿ ಉರಿದಿದ್ದವು. ಕಾರಣ ಏನು ಗೊತ್ತೇ? ಅಂಟು! ಚಕ್ರದ ಮೇಲಿನ ಕಮಾನಿನಲ್ಲಿ ಬಳಸಿದ್ದ ಅಂಟು ಅತಿಯಾಗಿ ಬಿಸಿಯಾಗಿ ಬೆಂಕಿ ಹಿಡಿಯುತ್ತಿತ್ತು. ಅಂಟು ತೆಗೆದು ಲೋಹದ ಫಾಸ್ಟನರ್ ಹಾಕಿ ಸರಿಮಾಡಿದರು. ಅಷ್ಟು ದೊಡ್ಡ ಕಂಪನಿಯ ಲೆಕ್ಕವೇ ತಪ್ಪಬಹುದಾದರೆ, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ ವೀಕೆಂಡ್ ಮಾಡಿಕೊಂಡ ಬದಲಾವಣೆಗಳ ಕಥೆ ಏನು? ಅಮೆರಿಕಕ್ಕೆ ಬಂದ ಮೇಲೆ ನಮ್ಮಲ್ಲಿ ಅನೇಕರು ಕೊಳ್ಳುವುದು ಸೆಕೆಂಡ್ ಹ್ಯಾಂಡ್ ಕಾರು. ಹಳೆಯ ಮಾಲೀಕ ಏನೇನು ಮಾಡಿಸಿದ್ದಾನೋ ನೋಡಿಕೊಳ್ಳೋದು ನಮ್ಮ ಕೆಲಸ.

ಬೆಂಕಿಗೆ ಮೂರು ಬೇಕು: ಉರುವಲು, ಗಾಳಿ, ಶಾಖ. ಗಾಳಿ ಎಲ್ಲೆಡೆ ಇದೆ. ಉಳಿದೆರಡನ್ನು ದೂರ ಇಡುವುದೇ ಸುರಕ್ಷತೆ.

1. ಶಾಖ: ಪೆಟ್ರೋಲ್ ಸುಮಾರು 280 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಲ್ಲದು. ಜೋರಾಗಿ ಓಡಿಸಿದ ಟರ್ಬೊ 800 ಡಿಗ್ರಿ ದಾಟುತ್ತದೆ. ಎಕ್ಸಾಸ್ಟಿನಲ್ಲಿ ‘ಪಟಪಟ’ ಸದ್ದು ಬರಲಿ ಅಂತ ಟ್ಯೂನ್ ಮಾಡಿಸಿದರೆ, ಉರಿಯದ ಪೆಟ್ರೋಲ್ ಪೈಪಿನೊಳಗೇ ಉರಿದು ಬಿಸಿ ಇನ್ನೂ ಏರುತ್ತದೆ. ಹೀಟ್ ಶೀಲ್ಡ್ ಕಿತ್ತಿದ್ದರೆ ಮತ್ತೆ ಹಾಕಿಸಿ.

2. ಉರುವಲು: ಇಂಧನದ ಹೋಸ್ ಬಿರುಕು ಬಿಟ್ಟಿದೆಯಾ, ಕ್ಲಿಪ್ ಸಡಿಲವಾ, ಟರ್ಬೊಗೆ ತಾಗುವಷ್ಟು ಹತ್ತಿರ ಇದೆಯಾ, ನೋಡಿ. ಪೆಟ್ರೋಲ್ ವಾಸನೆ ಬಂದರೆ ಆ ಕಾರು ಅಂದು ಓಡಿಸಬೇಡಿ. ಎಥನಾಲ್ ಹೆಚ್ಚಿರುವ ಇಂಧನ ಹಾಕುವುದಾದರೆ ಅದಕ್ಕೆ ಒಗ್ಗುವ ಹೋಸೇ ಬೇಕು.

3. ವೈರು: 1200 ವ್ಯಾಟ್ ಎಳೆಯುವ ಯಂತ್ರಕ್ಕೆ ಊರಿನ ಮನೆಯ 230 ವೋಲ್ಟಿನಲ್ಲಿ ಐದು ಆಂಪಿಯರ್ ಸಾಕು, ಕಾರಿನ 12 ವೋಲ್ಟಿನಲ್ಲಿ 100 ಆಂಪಿಯರ್ ಬೇಕು! ಕರೆಂಟ್ ಎರಡು ಪಟ್ಟಾದರೆ ವೈರಿನ ಬಿಸಿ ನಾಲ್ಕು ಪಟ್ಟು. ಅದಕ್ಕೇ ಆಂಪ್ಲಿಫೈಯರಿಗೆ ದಪ್ಪ ವೈರು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ಫ್ಯೂಸ್ ಪದೇ ಪದೇ ಹೋಗ್ತಿದೆ ಅಂತ ದೊಡ್ಡದು ಹಾಕಬೇಡಿ. ಫ್ಯೂಸ್ ಇರುವುದು ವೈರನ್ನು ಕಾಯಲು. ದೊಡ್ಡದು ಹಾಕಿದರೆ ಫ್ಯೂಸಿನ ಬದಲು ವೈರೇ ಸುಡುತ್ತದೆ.

ಹೊಗೆ ಕಂಡರೆ?

ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಎಲ್ಲರೂ ಇಳಿಯಿರಿ. ಟ್ರಾಫಿಕ್ ನೋಡಿಕೊಂಡು ಕನಿಷ್ಠ 30 ಮೀಟರ್ ದೂರ ಹೋಗಿ 911ಕ್ಕೆ ಕರೆಮಾಡಿ. ಬಾನೆಟ್ ಎತ್ತಬೇಡಿ, ಗಾಳಿ ನುಗ್ಗಿ ಜ್ವಾಲೆ ಮುಖಕ್ಕೇ ಬರುತ್ತದೆ. ಸೀಟಿನ ಕೈಗೆಟಕುವ ಕಡೆ ಬಿ-ಸಿ ಗುರುತಿನ ಎಕ್ಸ್‌ಟಿಂಗ್ವಿಷರ್ ಬಿಗಿದಿಟ್ಟಿರಿ. ಆದರೆ ಅದು ಸಣ್ಣ ಬೆಂಕಿಗೆ, ಬೆನ್ನ ಹಿಂದೆ ದಾರಿ ಇರುವಾಗ ಮಾತ್ರ. ಕೆಲವೇ ಸೆಕೆಂಡಿನಲ್ಲಿ ಅದು ಖಾಲಿ.

ಕೊನೆಯದಾಗಿ, ಬ್ಯಾಗಿನಲ್ಲಿ ಪಾಸ್‌ಪೋರ್ಟ್, ಐ-20, ಥೀಸಿಸ್ ಇರುವ ಲ್ಯಾಪ್‌ಟಾಪ್ ಏನೇ ಇದ್ದರೂ ವಾಪಸ್ ಓಡಬೇಡಿ. ಕಾಗದ ಮತ್ತೆ ಮಾಡಿಸಬಹುದು. ಊರಲ್ಲಿ ಭಾನುವಾರದ ಫೋನಿಗೆ ಕಾಯುವವರಿಗೆ ಬೇಕಿರೋದು ನೀವು.