ನಿಮಿಷಕ್ಕೆ ಒಂಬತ್ತು ಸಾವಿರ ಸುತ್ತು

ಮೋಟಾರು ಗಾಡಿಯ ಎಂಜಿನ್ನನ್ನು ಬಿಚ್ಚಿ ಜೋಡಿಸುವ ಕೆಲಸವನ್ನು ಈ ನಗರದ ಯಾವುದಾದರೂ ಗ್ಯಾರೇಜಿನ ಮುಂದೆ ನಿಂತು ನೀವು ನೋಡಿರಬಹುದು. ಕೆಟ್ಟ ಭಾಗವನ್ನು ತೆಗೆದು ಹೊಸದನ್ನು ಹಾಕುತ್ತಾರೆ. ಚೆನ್ನಾಗಿರುವುದನ್ನು ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಅದರ ಸ್ಥಾನದಲ್ಲಿಯೇ ಇಡುತ್ತಾರೆ. ಹಳೆಯ ಓಟದ ಕಾರುಗಳ ಎಂಜಿನ್ನನ್ನು ಮರಳಿ ಕಟ್ಟುವವರ ರೀತಿ ಇದಕ್ಕಿಂತ ಭಿನ್ನವಾದುದು. ಮುರಿದ ಭಾಗದ ವಿಷಯದಲ್ಲಿ ಅವರಿಗೆ ಚಿಂತೆಯಿಲ್ಲ. ಮುರಿದದ್ದು ಕಣ್ಣಿಗೆ ಕಾಣುತ್ತದೆ. ಯಾವ ಭಾಗವು ನಯವಾಗಿ, ಹೊಳೆಯುತ್ತ, ಏನೂ ಆಗಿಲ್ಲವೆಂಬಂತೆ ಕುಳಿತಿದೆಯೋ ಅದನ್ನೇ ಅವರು ಹೆಚ್ಚು ಸಂಶಯದಿಂದ ನೋಡುತ್ತಾರೆ. ಹೀಗೇಕೆಂಬುದನ್ನು ನಿಮ್ಮ ಭೌತವಿಜ್ಞಾನದ ಪುಸ್ತಕದಲ್ಲಿರುವ ಒಂದೇ ಒಂದು ಸೂತ್ರದಿಂದ ತಿಳಿಯಬಹುದು.

ಉದಾಹರಣೆಗಾಗಿ ಒಂದು ಪ್ರಸಿದ್ಧ ಎಂಜಿನ್ನನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ಕಾಸ್‌ವರ್ತ್ ಸಂಸ್ಥೆಯವರು ಫೋರ್ಡ್ ಕಂಪನಿಯ ಒಂದು ಲಕ್ಷ ಪೌಂಡುಗಳ ನೆರವಿನಿಂದ ನಿರ್ಮಿಸಿದ ಡಿ.ಎಫ್.ವಿ. ಎಂಬ ಎಂಜಿನ್ನು 1967ರ ಜೂನ್ 4ರಂದು ಹಾಲೆಂಡಿನ ಜಾಂಡ್‌ವೋರ್ಟ್ ಎಂಬಲ್ಲಿ ಮೊದಲ ಬಾರಿಗೆ ಓಟಕ್ಕಿಳಿಯಿತು. ಕೀತ್ ಡಕ್‌ವರ್ತ್ ಎಂಬಾತನು ಇದನ್ನು ರೂಪಿಸಿದನು. ಜಿಮ್ ಕ್ಲಾರ್ಕನು ನಡೆಸಿದ ಲೋಟಸ್ ಕಾರು ಅಂದೇ ಗೆದ್ದಿತು. ಅಲ್ಲಿಂದ 1983ರವರೆಗೆ ಈ ಕುಲದ ಎಂಜಿನ್ನುಗಳು 155 ಗ್ರಾಂಪ್ರಿ ಓಟಗಳನ್ನು ಗೆದ್ದವು. ಹಳೆಯ ಕಾರುಗಳಿಗಾಗಿಯೇ ಏರ್ಪಡುವ ಓಟಗಳಲ್ಲಿ ಇವು ಇಂದಿಗೂ ಗರ್ಜಿಸುತ್ತಿವೆ. ಆದುದರಿಂದ ಇವನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟುವ ಕೆಲಸವೂ ನಡೆದೇ ಇದೆ.

ಇದರಲ್ಲಿ ಎಂಟು ಸಿಲಿಂಡರುಗಳು, ನಾಲ್ಕು ನಾಲ್ಕರಂತೆ ಎರಡು ಸಾಲಾಗಿ, 90 ಅಂಶಗಳ ಕೋನದಲ್ಲಿ ನಿಂತಿವೆ. ಸಿಲಿಂಡರಿನ ವ್ಯಾಸ 85.67 ಮಿಲಿಮೀಟರು; ಪಿಸ್ಟನ್ನು ಮೇಲಿನಿಂದ ಕೆಳಕ್ಕೆ ಚಲಿಸುವ ದೂರ ಸುಮಾರು 64.9 ಮಿಲಿಮೀಟರು. ಒಟ್ಟು ಗಾತ್ರವನ್ನು ನೀವೇ ಲೆಕ್ಕ ಹಾಕಿ ನೋಡಿರಿ. ಮೂರು ಲೀಟರಿಗೆ ತುಸು ಕಡಿಮೆ ಬರುತ್ತದೆ. ಇಷ್ಟು ಗಾತ್ರದಿಂದ ಆರಂಭದಲ್ಲಿಯೇ 400 ಅಶ್ವಶಕ್ತಿ ದೊರೆಯಿತು. ಗಾತ್ರವನ್ನು ಹಿಗ್ಗಿಸದೆ ಶಕ್ತಿಯನ್ನು ಹೆಚ್ಚಿಸುವ ಉಪಾಯವೆಂದರೆ ಒಂದು ನಿಮಿಷದಲ್ಲಿ ಹೆಚ್ಚು ಬಾರಿ ಇಂಧನವನ್ನು ಉರಿಸುವುದು. ಎಂದರೆ ಎಂಜಿನ್ನನ್ನು ವೇಗವಾಗಿ ತಿರುಗಿಸುವುದು. ಡಿ.ಎಫ್.ವಿ. ತನ್ನ ಶಕ್ತಿಯನ್ನು ಕೊಟ್ಟದ್ದು ನಿಮಿಷಕ್ಕೆ 9,000 ಸುತ್ತುಗಳಲ್ಲಿ. ನಾವು ಬೀದಿಯಲ್ಲಿ ಕಾಣುವ ಕಾರು ಸಾಮಾನ್ಯವಾಗಿ ಎರಡು ಮೂರು ಸಾವಿರ ಸುತ್ತಿನಲ್ಲಿ ಆರಾಮವಾಗಿ ಹೋಗುತ್ತಿರುತ್ತದೆ.

ಹಳ್ಳಿಯಲ್ಲಿ ಜೋಳದ ಹೊಲ ಕಾಯುವವರು ಬೀಸುವ ಕವಣೆಯನ್ನು ನಿಮ್ಮಲ್ಲಿ ಕೆಲವರಾದರೂ ರಜೆಯಲ್ಲಿ ಊರಿಗೆ ಹೋದಾಗ ಕಂಡಿರಬೇಕು. ನಿಧಾನವಾಗಿ ತಿರುಗಿಸಿದರೆ ಕಲ್ಲು ಹಗುರವೆನಿಸುತ್ತದೆ. ಜೋರಾಗಿ ಬೀಸಿದಂತೆ ಹಗ್ಗವು ಬೆರಳನ್ನು ಕೊಯ್ಯುವಷ್ಟು ಎಳೆಯುತ್ತದೆ. ವೇಗವು ಎರಡರಷ್ಟಾದರೆ ಎಳೆತವು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ವೇಗ ಮೂರರಷ್ಟಾದರೆ ಎಳೆತ ಒಂಬತ್ತರಷ್ಟು. ಇದೇ ನಾನು ಹೇಳಿದ ಸೂತ್ರ. ಕವಣೆಯ ಜಾಗದಲ್ಲಿ ಕ್ರ್ಯಾಂಕು ದಂಡವನ್ನೂ ಹಗ್ಗದ ಜಾಗದಲ್ಲಿ ಕನೆಕ್ಟಿಂಗ್ ರಾಡನ್ನೂ ಕಲ್ಲಿನ ಜಾಗದಲ್ಲಿ ಪಿಸ್ಟನ್ನನ್ನೂ ಇಟ್ಟುಕೊಳ್ಳಿರಿ. 9,000 ಸುತ್ತಿನಲ್ಲಿ ಪಿಸ್ಟನ್ನು ಒಂದು ಸೆಕೆಂಡಿಗೆ 150 ಬಾರಿ ಮೇಲೇರಿ, ನಿಂತು, ಕೆಳಗಿಳಿಯುತ್ತದೆ. ಅದು ಮೇಲಿನ ತುದಿಯಲ್ಲಿ ದಿಕ್ಕು ಬದಲಿಸುವ ಗಳಿಗೆಯಲ್ಲಿ ಅದರ ಉತ್ಕರ್ಷವು ಗುರುತ್ವದ ಸುಮಾರು 3,600 ಪಟ್ಟು. ಪಿಸ್ಟನ್ನು, ಅದರ ಉಂಗುರಗಳು ಮತ್ತು ಗೂಟ ಸೇರಿ 400 ಗ್ರಾಂ ಎಂದು ಲೆಕ್ಕಕ್ಕಾಗಿ ಹಿಡಿದರೆ, ಆ ಕ್ಷಣ ಅದು 1,440 ಕಿಲೋಗ್ರಾಂ ತೂಗಿದಂತಾಯಿತು! 1967ರ ನಿಯಮದ ಪ್ರಕಾರ ಓಟದ ಕಾರಿನ ಕನಿಷ್ಠ ತೂಕವೇ 500 ಕಿಲೋಗ್ರಾಂ. ಸುಮಾರು ಮೂರು ಕಾರುಗಳ ಭಾರವು ಅಂಗೈಯಗಲದ ಒಂದು ಲೋಹದ ತುಂಡಿನಲ್ಲಿ ಅಡಗಿ, ರಾಡಿನ ಬುಡದಲ್ಲಿರುವ ಎರಡು ಬೋಲ್ಟುಗಳನ್ನು ಜಗ್ಗುತ್ತದೆ. 3,000 ಸುತ್ತಿನಲ್ಲಿಯಾದರೆ ಈ ಎಳೆತವು ಬರೇ 160 ಕಿಲೋಗ್ರಾಂ.

ಆ ಎರಡು ಬೋಲ್ಟುಗಳಿಗೆ ಎಂಜಿನ್ನು ಕಟ್ಟುವವನು ಕೊಡುವ ಮರ್ಯಾದೆಯನ್ನು ನೋಡಬೇಕು. ಬಿಗಿಯುವ ಮುನ್ನ ಪ್ರತಿಯೊಂದರ ಉದ್ದವನ್ನೂ ಮೈಕ್ರೋಮೀಟರಿನಿಂದ ಅಳೆದು ಬರೆದಿಡುತ್ತಾನೆ. ಬಿಗಿದಂತೆ ಬೋಲ್ಟು ರಬ್ಬರಿನಂತೆ, ಆದರೆ ಕೂದಲೆಳೆಯ ಲೆಕ್ಕದಲ್ಲಿ, ಹಿಗ್ಗುತ್ತದೆ. ಎಷ್ಟು ಹಿಗ್ಗಬೇಕೋ ಅಷ್ಟು ಹಿಗ್ಗಿದಾಗಲೇ ಬಿಗಿತವು ಸರಿಯಾಯಿತೆಂದು ಅರ್ಥ. ಕೈಯ ಅಂದಾಜು ಇಲ್ಲಿ ಸಲ್ಲದು. ಮುಂದೊಮ್ಮೆ ಬಿಚ್ಚಿದಾಗ ಬೋಲ್ಟು ತನ್ನ ಮೊದಲಿನ ಉದ್ದಕ್ಕೆ ಮರಳದಿದ್ದರೆ, ನೋಟಕ್ಕೆ ಎಷ್ಟೇ ಚೆನ್ನಾಗಿದ್ದರೂ ಅದನ್ನು ಕಸದ ಡಬ್ಬಿಗೆ ಹಾಕುತ್ತಾನೆ. ಬೋಲ್ಟು ಹರಿದರೆ ರಾಡು ಎಂಜಿನ್ನಿನ ಗೋಡೆಯನ್ನು ಒಡೆದು ಹೊರಬರುತ್ತದೆ. ಒಳಗಿನ ಬಿಸಿ ಎಣ್ಣೆ ಹಿಂಚಕ್ರಗಳ ಮೇಲೆ ಸುರಿಯುತ್ತದೆ. ಗಂಟೆಗೆ 250 ಕಿಲೋಮೀಟರು ವೇಗದಲ್ಲಿರುವ ಚಾಲಕನ ಗತಿಯೇನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ದೊಡ್ಡ ಎಳೆತವನ್ನು ಲೋಹವು ಒಮ್ಮೆ ತಾಳುತ್ತದೆ, ಸಾವಿರ ಬಾರಿಯೂ ತಾಳುತ್ತದೆ. ಪ್ರಶ್ನೆ ಇರುವುದು ಲಕ್ಷಗಳದು. ಸರಾಸರಿ 8,000 ಸುತ್ತಿನಲ್ಲಿ ಒಂದೂವರೆ ಗಂಟೆ ಓಡಿದರೆ 7,20,000 ಸುತ್ತುಗಳಾಗುತ್ತವೆ. ತಂತಿಯೊಂದನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಿದ್ದರೆ ಅದು ಕೊನೆಗೆ ತುಂಡಾಗುವುದಲ್ಲವೆ? ಇದನ್ನು ಲೋಹದ ದಣಿವು ಎನ್ನುತ್ತಾರೆ. ಮನುಷ್ಯನ ದಣಿವು ಮುಖದಲ್ಲಿ ಕಾಣುತ್ತದೆ, ಒಂದು ರಾತ್ರಿಯ ನಿದ್ರೆಯಿಂದ ಹೋಗುತ್ತದೆ. ಲೋಹದ್ದು ಕಾಣುವುದೂ ಇಲ್ಲ, ಹೋಗುವುದೂ ಇಲ್ಲ. ಉಕ್ಕಿಗೆ ಒಂದು ಗಡಿಯುಂಟು. ಎಳೆತವು ಆ ಗಡಿಯ ಕೆಳಗಿದ್ದರೆ ಅದು ಬಹುಕಾಲ ಬಾಳುತ್ತದೆ, ಮೇಲ್ಮೈಯಲ್ಲಿ ಗೀರು ಬೀಳದಿದ್ದರೆ ಮಾತ್ರ. ಪಿಸ್ಟನ್ನಿನ ಅಲ್ಯುಮಿನಿಯಮ್ಮಿಗಾದರೋ ಅಂಥ ಗಡಿಯೇ ಇಲ್ಲ. ಪ್ರತಿ ಸುತ್ತೂ ಅದರ ಆಯುಸ್ಸಿನಿಂದ ಒಂದು ಕಣವನ್ನು ಕಳೆಯುತ್ತಲೇ ಇರುತ್ತದೆ.

ಈ ಅದೃಶ್ಯ ಬಿರುಕುಗಳನ್ನು ಹಿಡಿಯುವ ವಿಧಾನ ಬಹಳ ಸೊಗಸಾದುದು. ಕ್ರ್ಯಾಂಕು ದಂಡವನ್ನು ಅಯಸ್ಕಾಂತವನ್ನಾಗಿ ಮಾಡಿ, ಹೊಳೆಯುವ ಬಣ್ಣ ಬಳಿದ ಕಬ್ಬಿಣದ ನುಣ್ಣನೆಯ ಪುಡಿಯನ್ನು ದ್ರವದಲ್ಲಿ ಕಲಸಿ ಅದರ ಮೇಲೆ ಹರಿಸುತ್ತಾರೆ. ಬಿರುಕಿರುವ ಕಡೆ ಅಯಸ್ಕಾಂತದ ಬಲರೇಖೆಗಳು ಹೊರಕ್ಕೆ ಸೋರುತ್ತವೆ. ಪುಡಿಯು ಅಲ್ಲಿ ಕೂಡಿಕೊಳ್ಳುತ್ತದೆ. ಕತ್ತಲೆ ಕೋಣೆಯಲ್ಲಿ ನೇರಿಳಾತೀತ ದೀಪವನ್ನು ಹಿಡಿದರೆ, ಬರಿಗಣ್ಣಿಗೆ ಕಾಣದಿದ್ದ ಬಿರುಕು ಹಸುರು ಗೆರೆಯಾಗಿ ಮಿನುಗುತ್ತದೆ. ಅಲ್ಯುಮಿನಿಯಮ್ಮನ್ನು ಅಯಸ್ಕಾಂತ ಮಾಡಲಾಗದು. ಅದಕ್ಕೆ ಬಿರುಕಿನೊಳಗೆ ಇಳಿಯುವ ಬಣ್ಣವನ್ನು ಹಚ್ಚಿ, ಒರೆಸಿ, ಅದು ಮತ್ತೆ ಒಸರುವುದನ್ನು ಕಾಯುತ್ತಾರೆ. ಇದನ್ನೆಲ್ಲ ಯಾಂತ್ರಿಕರ ಕೆಲಸವೆನ್ನುವುದಕ್ಕಿಂತ ವೈದ್ಯರ ಕೆಲಸವೆನ್ನುವುದೇ ಮೇಲೆಂದು ನನಗೆ ತೋರುತ್ತದೆ.

ನಯವಾಗಿ ಓಡುವ ಎಂಜಿನ್ನನ್ನೂ ನಂಬಬಾರದೆಂಬುದನ್ನು ಜಾಂಡ್‌ವೋರ್ಟಿನ ಆ ಮೊದಲ ಓಟವೇ ತೋರಿಸಿತು. ಅಂದು ಇನ್ನೊಂದು ಲೋಟಸ್ ಕಾರಿನಲ್ಲಿದ್ದ ಗ್ರಹಾಂ ಹಿಲ್ ಮುಂಚೂಣಿಯಲ್ಲಿ ಓಡುತ್ತಿದ್ದಾಗಲೇ ಅವನ ಎಂಜಿನ್ನು ನಿಂತುಹೋಯಿತು. ಕವಾಟಗಳನ್ನು ತೆರೆಯುವ ಕ್ಯಾಮು ದಂಡಗಳಿಗೆ ಚಲನೆ ಕೊಡುವ ಗೇರುಗಳ ಹಲ್ಲು ಮುರಿದಿದ್ದವು. ಗೆದ್ದ ಕ್ಲಾರ್ಕನ ಎಂಜಿನ್ನನ್ನು ಬಿಚ್ಚಿದಾಗ ಅದರಲ್ಲಿಯೂ ಹಲ್ಲು ಮುರಿದದ್ದು ಕಂಡುಬಂದಿತು! ಇದಕ್ಕೆ ಕಾರಣ ಕಂಪನ. ಈ ಎಂಜಿನ್ನಿಗೆ 32 ಕವಾಟಗಳು. ಪ್ರತಿಯೊಂದರ ಸ್ಪ್ರಿಂಗೂ ಅದುಮುವಾಗ ಎದುರಿಸುತ್ತದೆ, ಬಿಡುವಾಗ ನೂಕುತ್ತದೆ. ಈ ಎಳೆದಾಟವು ಗೇರುಗಳ ಸಾಲಿನಲ್ಲಿ ಸಣ್ಣ ಸಣ್ಣ ಸುತ್ತಿಗೆ ಏಟುಗಳಾಗುತ್ತವೆ. ಡಕ್‌ವರ್ತನು ಗೇರನ್ನು ದಪ್ಪಗೊಳಿಸಿ ಕೈತೊಳೆದುಕೊಳ್ಳಲಿಲ್ಲ. ಒಂದು ಗೇರಿನ ನಡುವಿನ ಗುಂಬದಲ್ಲಿ ಹನ್ನೆರಡು ತೆಳು ಉಕ್ಕಿನ ಸರಳುಗಳನ್ನು ಇಟ್ಟನು. ಏಟು ಬಿದ್ದಾಗ ಅವು ತಾವು ತುಸು ತಿರುಚಿಕೊಂಡು ಹಲ್ಲುಗಳನ್ನು ಉಳಿಸುತ್ತವೆ. ಬಿರುಗಾಳಿಗೆ ಹೆಮ್ಮರ ಉರುಳಿದರೂ ಬಿದಿರು ಬಾಗಿ ಉಳಿಯುವುದನ್ನು ನೆನೆಯಿರಿ. ಇಂದು ಈ ಎಂಜಿನ್ನನ್ನು ಮರಳಿ ಕಟ್ಟುವವನು ಆ ಪುಟ್ಟ ಸರಳುಗಳನ್ನೂ ಒಂದೊಂದಾಗಿ ಪರೀಕ್ಷಿಸಲೇಬೇಕು.

ಜೋಡಣೆಯ ಉಳಿದ ಸಂಗತಿಗಳನ್ನು ಬೇಗನೆ ಹೇಳಿಬಿಡುತ್ತೇನೆ. ಎಂಟು ಪಿಸ್ಟನ್ನುಗಳನ್ನೂ ಅಕ್ಕಸಾಲಿಗನ ತಕ್ಕಡಿಯಂಥದರಲ್ಲಿ ತೂಗಿ ಸಮ ಮಾಡುತ್ತಾರೆ. ಒಂದು ಗ್ರಾಂ ವ್ಯತ್ಯಾಸವೆಂದರೆ ಮೇಲಿನ ಲೆಕ್ಕದಂತೆ 3.6 ಕಿಲೋಗ್ರಾಂ ವ್ಯತ್ಯಾಸ. ಬೇರಿಂಗಿಗೂ ದಂಡಕ್ಕೂ ನಡುವೆ ದಂಡದ ವ್ಯಾಸದ ಸುಮಾರು ಸಾವಿರದಲ್ಲೊಂದು ಪಾಲು ಅಂತರವಿರಬೇಕು. ಅಲ್ಲಿ ಎಣ್ಣೆಯ ತೆಳುಪೊರೆ ನಿಂತು ಲೋಹ ಲೋಹವನ್ನು ಮುಟ್ಟದಂತೆ ಕಾಯುತ್ತದೆ. ತೆರೆದ ಕವಾಟವು ಪಿಸ್ಟನ್ನಿನ ತಲೆಗೆ ಬಡಿಯದೆ ಎಷ್ಟು ದೂರದಲ್ಲಿ ಹಾದುಹೋಗುತ್ತದೆಂದು ಅಳೆಯಲು ಬಳಸುವ ಸಾಧನವೇನು ಗೊತ್ತೆ? ಮಕ್ಕಳು ಗೊಂಬೆ ಮಾಡುವ ಮೆತ್ತನೆಯ ಜೇಡಿ! ಪಿಸ್ಟನ್ನಿನ ಮೇಲೆ ಒಂದು ಉಂಡೆ ಇಟ್ಟು, ಎಂಜಿನ್ನನ್ನು ಕೈಯಿಂದ ತಿರುಗಿಸಿ, ಮತ್ತೆ ಬಿಚ್ಚಿ, ಅದುಮಿದ ಜೇಡಿಯನ್ನು ಕೊಯ್ದು ಅದರ ದಪ್ಪವನ್ನು ಅಳೆಯುತ್ತಾರೆ. ವೇಗ ಮಿತಿಮೀರಿದಾಗ ಸ್ಪ್ರಿಂಗು ಕವಾಟವನ್ನು ಸಕಾಲಕ್ಕೆ ಹಿಂದೆಳೆಯಲಾರದು. ಆಗ ಈ ಒಂದೆರಡು ಮಿಲಿಮೀಟರೇ ಎಂಜಿನ್ನಿನ ಜೀವ.

ಹೀಗೆ ಭಾಗಗಳನ್ನು ಬದಲಾಯಿಸುತ್ತ ಹೋದರೆ ಕೊನೆಗೆ ಉಳಿಯುವುದು 1967ರ ಎಂಜಿನ್ನೇ ಎಂದು ಯಾರಾದರೂ ಕೇಳಬಹುದು. ವಸ್ತುಸಂಗ್ರಹಾಲಯದಲ್ಲಿ ಇಡುವುದಾದರೆ ಹಳೆಯ ಬೋಲ್ಟೇ ಇರಲಿ. ಒಳಗೆ ಮನುಷ್ಯನನ್ನು ಕೂರಿಸಿ ಓಡಿಸುವುದಾದರೆ ಹೊಸದನ್ನೇ ಹಾಕಬೇಕು. ಈ ವಿಷಯದಲ್ಲಿ ನನಗೆ ಎರಡು ಅಭಿಪ್ರಾಯಗಳಿಲ್ಲ.

ಹಿಂದೆ ಇವೇ ಎಂಜಿನ್ನುಗಳನ್ನು 10,500 ಸುತ್ತುಗಳವರೆಗೂ ಓಡಿಸಿದ್ದುಂಟು. ಇಂದಿನ ಮಾಲೀಕನು ತಾನಾಗಿ 9,500ಕ್ಕೆ ನಿಲ್ಲಿಸಿದರೆ ವೇಗವು ಹತ್ತರಲ್ಲೊಂದು ಪಾಲೂ ಕಡಿಮೆಯಾಗದು. ಆದರೆ ಬೋಲ್ಟಿನ ಮೇಲಿನ ಎಳೆತವು ನೂರಕ್ಕೆ 18ರಷ್ಟು ಇಳಿಯುತ್ತದೆ. ವರ್ಗದ ಲೆಕ್ಕವನ್ನು ನೀವು ಮಾಡಿ ನೋಡಿರಿ. ಕಟ್ಟಿ ಮುಗಿದ ಎಂಜಿನ್ನನ್ನು ಕೂಡಲೆ ಹೊತ್ತಿಸುವುದಿಲ್ಲ. ಕಿಡಿ ಹಾರಿಸುವ ಪ್ಲಗ್ಗುಗಳನ್ನು ತೆಗೆದಿಟ್ಟು, ಎಣ್ಣೆಯ ಒತ್ತಡವು ಮೀಟರಿನಲ್ಲಿ ಏರುವವರೆಗೆ ಬರಿದೇ ತಿರುಗಿಸುತ್ತಾರೆ. ಆಮೇಲೆ ಪರೀಕ್ಷಾ ಪೀಠದಲ್ಲಿ ಮೆಲ್ಲಗೆ ಓಡಿಸಿ, ಎಣ್ಣೆಯ ಶೋಧಕವನ್ನು ಬಿಚ್ಚಿ, ಲೋಹದ ಚೂರು ಬಂದಿದೆಯೇ ಎಂದು ನೋಡುತ್ತಾರೆ. ಏನೂ ಇಲ್ಲದಿದ್ದರೆ ಎಂಜಿನ್ನು ಕಾರನ್ನು ಸೇರುತ್ತದೆ. ಅದರೊಡನೆ ಒಂದು ಪುಸ್ತಕವೂ ಹೋಗುತ್ತದೆ. ಓಟ ಮುಗಿದ ಸಂಜೆ, ಗೆದ್ದಿರಲಿ ಸೋತಿರಲಿ, ಅಂದು ಓಡಿದ ನಿಮಿಷಗಳನ್ನು ಅದರಲ್ಲಿ ಬರೆದಿಡುತ್ತಾರೆ.